ಮೂವತ್ತೆಂಟು ರೂಪಾಯಿಯಿಂದ ಮಡಿಕೇರಿಯವರೆಗೆ: ಉಡುಪಿಯ ಹಾಜಿ ಅಬ್ದುಲ್ಲಾ ಸಾಹೇಬರು

ವ್ಯಕ್ತಿ ಪರಿಚಯ – ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದಿಂದ

ಉಡುಪಿ ಎಂದ ಕೂಡಲೇ ನಮ್ಮ ರಾಮನಗರ, ಚನ್ನಪಟ್ಟಣದ ಕಡೆಯವರಿಗೆ ಮೊದಲು ನೆನಪಾಗುವುದು ಹೋಟೆಲ್. ಆಮೇಲೆ ಶ್ರೀಕೃಷ್ಣ ಮಠ, ಮಲ್ಪೆಯ ಸಮುದ್ರ. ಆದರೆ ಆ ಊರಿನಿಂದ ಹೊರಟು ದೇಶದ ತುಂಬ ಹರಡಿದ ಇನ್ನೊಂದು ಕಸುಬಿದೆ. ಅದು ಬ್ಯಾಂಕ್. 2020ರವರೆಗೆ ಕಾರ್ಪೊರೇಷನ್ ಬ್ಯಾಂಕ್ ಎಂಬ ಹೆಸರಿನಲ್ಲಿ ನಡೆದ ಬ್ಯಾಂಕು ಹುಟ್ಟಿದ್ದು ಉಡುಪಿಯ ಒಂದು ಮನೆಯಲ್ಲಿ. ಆ ಮನೆಯ ಯಜಮಾನರ ಹೆಸರು ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್. ನಾವು ಎರಡು ವರ್ಷ ವಾಣಿಜ್ಯಶಾಸ್ತ್ರ ಓದುತ್ತೇವೆ. ಟಾಟಾ, ಬಿರ್ಲಾ ಹೆಸರು ಗೊತ್ತು, ಫೇಯೋಲ್ ಮತ್ತು ಟೇಲರ್ ಹೆಸರಂತೂ ಪರೀಕ್ಷೆಯ ಭಯದಿಂದ ನಿದ್ದೆಯಲ್ಲೂ ಬರುತ್ತದೆ. ನಮ್ಮದೇ ರಾಜ್ಯದ ಈ ಹೆಸರು ಮಾತ್ರ ನಮ್ಮ ತರಗತಿಯಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಅದಕ್ಕೇ ಈ ಸಲದ ಸಂಚಿಕೆಗೆ ಅವರನ್ನು ಆರಿಸಿಕೊಂಡಿದ್ದೇನೆ.

ಹಾಜಿ ಅಬ್ದುಲ್ಲಾ ಸಾಹೇಬರು ಹುಟ್ಟಿದ್ದು 1882ರಲ್ಲಿ, ಉಡುಪಿಯ ಅನುಕೂಲಸ್ಥ ವ್ಯಾಪಾರಿ ಮನೆತನದಲ್ಲಿ. ಆಗ ಉಡುಪಿ ಇದ್ದದ್ದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. ನಮ್ಮ ರಾಮನಗರಕ್ಕೆ ಆಗ ಕ್ಲೋಸ್‌ಪೇಟೆ ಎಂದು ಹೆಸರು, ನಾವು ಮೈಸೂರು ಸಂಸ್ಥಾನದ ಪ್ರಜೆಗಳು. ಕೊಡಗು ಮತ್ತೊಂದು ಆಡಳಿತ, ಬ್ರಿಟಿಷರ ಚೀಫ್ ಕಮಿಷನರ್ ಕೈಕೆಳಗೆ ಇತ್ತು. ಈಗ ಒಂದೇ ರಾಜ್ಯದ ಬಸ್ಸಿನಲ್ಲಿ ಕೂತು ಹೋಗುವ ಊರುಗಳು ಆಗ ಬೇರೆ ಬೇರೆ ಸರ್ಕಾರಗಳ ಕೆಳಗಿದ್ದವು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಮಡಿಕೇರಿಯ ಮಾತು ಬರುವಾಗ ಬೇಕಾಗುತ್ತದೆ.

ಆ ಕಾಲದಲ್ಲಿ ಉಡುಪಿಯ ಒಬ್ಬ ಸಾಮಾನ್ಯ ಮನುಷ್ಯನಿಗೆ ದುಡ್ಡಿನ ಅಗತ್ಯ ಬಿದ್ದರೆ ಏನು ಮಾಡುತ್ತಿದ್ದ? ಹೆಂಡತಿಯ ಕೊರಳಿನ ಚಿನ್ನವನ್ನು ಸಾಹುಕಾರರ ಬಳಿ ಅಡ ಇಡುತ್ತಿದ್ದ. ಬಡ್ಡಿ ಎಷ್ಟು ಎಂದು ಹೇಳುವವರು ಸಾಹುಕಾರರೇ, ಲೆಕ್ಕ ಬರೆಯುವವರೂ ಅವರೇ. ಕೈಯಲ್ಲಿ ನಾಲ್ಕು ಕಾಸು ಉಳಿದರೆ ಇಡಲು ಜಾಗವಿಲ್ಲ, ಮನೆಯ ಗಡಿಗೆಯೇ ಗತಿ. ಬ್ಯಾಂಕ್ ಇರಲಿಲ್ಲ ಎಂದಲ್ಲ. ಮಂಗಳೂರಿನಲ್ಲಿ ಬ್ಯಾಂಕ್ ಆಫ್ ಮದ್ರಾಸಿನ ಶಾಖೆ 1868ರಲ್ಲೇ ಬಂದಿತ್ತು. ಆದರೆ ಅದು ಇದ್ದದ್ದು ಇಂಗ್ಲಿಷ್ ಕಂಪನಿಗಳ ವ್ಯವಹಾರಕ್ಕೆ. ತೆಂಗಿನಕಾಯಿ ಮಾರುವವನು, ಮೀನು ಒಣಗಿಸುವವನು, ಗೇಣಿ ರೈತ ಅದರ ಮೆಟ್ಟಿಲು ಹತ್ತುವ ಪ್ರಶ್ನೆಯೇ ಇರಲಿಲ್ಲ. ಉಡುಪಿಯಿಂದ ಮಂಗಳೂರಿಗೆ ಹೋಗುವುದೇ ಒಂದು ಪ್ರಯಾಣ. ದಾರಿಯಲ್ಲಿ ಉದ್ಯಾವರ, ಮೂಲ್ಕಿ, ಪಾವಂಜೆ, ಕೂಳೂರು ಎಂದು ಹೊಳೆಗಳ ಸಾಲು.

1905ರಲ್ಲಿ ಬಂಗಾಳದ ವಿಭಜನೆಯಾಯಿತು. ಸ್ವದೇಶಿ ಚಳವಳಿ ಹಬ್ಬಿತು. ಚಳವಳಿ ಎಂದರೆ ನಾವು ಇತಿಹಾಸದ ಪುಸ್ತಕದಲ್ಲಿ ವಿದೇಶಿ ಬಟ್ಟೆ ಸುಟ್ಟದ್ದನ್ನೇ ಓದಿದ್ದೇವೆ. ಆದರೆ ಅದೇ ಗಾಳಿಯಲ್ಲಿ ಭಾರತೀಯರೇ ನಡೆಸುವ ಬ್ಯಾಂಕುಗಳೂ ಒಂದಾದ ಮೇಲೊಂದು ಹುಟ್ಟಿದವು. ಬೊಂಬಾಯಿಯಲ್ಲಿ ಬ್ಯಾಂಕ್ ಆಫ್ ಇಂಡಿಯಾ 1906ರದ್ದು. ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಇಂದಿನ ಕೆನರಾ ಬ್ಯಾಂಕಿನ ಮೂಲ ಸಂಸ್ಥೆಯನ್ನು ಕಟ್ಟಿದ್ದು ಅದೇ ವರ್ಷ ಜುಲೈಯಲ್ಲಿ. ಉಡುಪಿ ಅದಕ್ಕಿಂತ ಮೂರೂವರೆ ತಿಂಗಳು ಮುಂದಿತ್ತು.

1906ರ ಫೆಬ್ರವರಿ 19ರಂದು ಹಾಜಿ ಅಬ್ದುಲ್ಲಾ ಸಾಹೇಬರ ಹೆಸರಿನಲ್ಲಿ ಸಾರ್ವಜನಿಕರಿಗೆ ಒಂದು ಮನವಿ ಹೊರಟಿತು. ಜಾತಿ ಮತ ನೋಡದೆ ಎಲ್ಲ ವರ್ಗದ ಜನರಲ್ಲಿ ಉಳಿತಾಯದ ಅಭ್ಯಾಸ ಬೆಳೆಸಬೇಕು, ಜೊತೆಗೆ ಒಬ್ಬರಿಗೊಬ್ಬರು ಸಹಕರಿಸುವ ಅಭ್ಯಾಸವೂ ಬೆಳೆಯಬೇಕು, ಸ್ವದೇಶಿ ಎಂದರೆ ಇದೇ, ದೇಶದ ಮೇಲೆ ಪ್ರೀತಿ ಇರುವವರು ಮುಂದೆ ಬನ್ನಿ ಎಂಬುದು ಅದರ ಸಾರ. ಮೂರು ವಾರ ಕಳೆದು ಮಾರ್ಚ್ 12, ಸೋಮವಾರ, ಸಂಸ್ಥೆ ಶುರುವಾಯಿತು. ಹೆಸರು ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ (ಉಡುಪಿ) ಲಿಮಿಟೆಡ್. ಊರಿನ ಹೆಸರು ಬ್ಯಾಂಕಿನ ಹೆಸರಿನೊಳಗೇ ಕೂತಿತ್ತು. ಬೇರೆ ಬೇರೆ ಸಮುದಾಯದ ಹಿತೈಷಿಗಳು ಜೊತೆಗಿದ್ದರು, ಸ್ಥಾಪಕ ಅಧ್ಯಕ್ಷರು ಹಾಜಿ ಸಾಹೇಬರು. ಆಗ ಅವರಿಗೆ ಇಪ್ಪತ್ತನಾಲ್ಕರ ಆಸುಪಾಸು. ನಮ್ಮಲ್ಲಿ ಆ ವಯಸ್ಸಿನವರು ಇನ್ನೂ ಕೆಲಸಕ್ಕೆ ಅರ್ಜಿ ಹಾಕುತ್ತಾ ಇರುತ್ತಾರೆ.

ಸಂಸ್ಥೆ ಮೊದಲು ನಡೆದದ್ದು ನಿಧಿಯ ರೂಪದಲ್ಲಿ. ನಿಧಿ ಎಂದರೆ ಸದಸ್ಯರೇ ಹಣ ಕಟ್ಟಿ, ಸದಸ್ಯರಿಗೇ ಸಾಲ ಕೊಡುವ ವ್ಯವಸ್ಥೆ. ಆರಂಭದ ಬಂಡವಾಳ 5,000 ರೂಪಾಯಿ. ಮೊದಲ ದಿನ ಸಂಜೆ ಲೆಕ್ಕ ಮುಗಿಸಿದಾಗ ಸಂಗ್ರಹವಾಗಿದ್ದು 38 ರೂಪಾಯಿ 13 ಆಣೆ 2 ಪೈ.

ಈ ಅಂಕಿಯನ್ನು ಓದಿದಾಗ ನನಗೆ ರೂಪಾಯಿಗಿಂತ ಕೊನೆಯ 2 ಪೈ ಮೇಲೇ ಕಣ್ಣು ಹೋಯಿತು. ಆಗಿನ ಲೆಕ್ಕದಲ್ಲಿ ಒಂದು ರೂಪಾಯಿಗೆ 16 ಆಣೆ, ಒಂದು ಆಣೆಗೆ 12 ಪೈ. ಅಂದರೆ ರೂಪಾಯಿಗೆ 192 ಪೈ. ದೊಡ್ಡ ವ್ಯಾಪಾರಿಗಳು ಮಾತ್ರ ದುಡ್ಡು ಹಾಕಿದ್ದರೆ ಮೊತ್ತ ಪೈ ಲೆಕ್ಕದಲ್ಲಿ ಮುಗಿಯುತ್ತಿರಲಿಲ್ಲ ಎಂದು ನನ್ನ ಊಹೆ. ಯಾರೋ ಸಣ್ಣ ಕೈಯೂ ಅದರಲ್ಲಿ ಸೇರಿರಬೇಕು. ಆ 2 ಪೈಯನ್ನೂ ಬಿಡದೆ ಪುಸ್ತಕಕ್ಕೆ ಹತ್ತಿಸಿದ್ದಾರೆ, ನೂರು ವರ್ಷ ದಾಟಿದರೂ ಆ ಲೆಕ್ಕ ಉಳಿದಿದೆ. ನಮ್ಮ ಅಕೌಂಟೆನ್ಸಿ ಮೇಡಂ ಕೇಳಿದರೆ ಪೂರ್ತಿ ಅಂಕ ಕೊಡುತ್ತಾರೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ, ತರಗತಿಯಲ್ಲಿ ಇದನ್ನು ಹೇಳಿದಾಗ ಎದ್ದೂ ಬಿಟ್ಟಿತು. ಹಾಜಿಯಾದವರು ಬಡ್ಡಿಯ ವ್ಯವಹಾರವಿರುವ ಬ್ಯಾಂಕನ್ನು ಹೇಗೆ ಕಟ್ಟಿದರು? ಅದಕ್ಕೆ ಉತ್ತರ ಹೇಳಬೇಕಾದವರು ಆಲಿಮರು, ಹದಿನೇಳು ವರ್ಷದ ನಾನಲ್ಲ. ನನಗೆ ಕಾಣುವುದು ಇಷ್ಟು: ಆ ಊರಿನ ಬಡವನ ಮುಂದೆ ಆಗ ಇದ್ದ ಇನ್ನೊಂದು ದಾರಿ ಸಾಹುಕಾರರ ಅಡವಿನ ಪೆಟ್ಟಿಗೆ. ಈ ಲೇಖನದ ವಿಷಯ ಬೇರೆ. ಒಂದು ಮನೆಯಲ್ಲಿ ಶುರುವಾದ ಸಣ್ಣ ಸಂಸ್ಥೆ ಇನ್ನೊಂದು ಊರಿಗೆ ಹೇಗೆ ಹೋಗುತ್ತದೆ, ಹೋಗಲು ಯಾಕೆ ಇಷ್ಟು ಕಾಯುತ್ತದೆ ಎಂಬುದು.

ಕಾದದ್ದು ಎಷ್ಟು ಗೊತ್ತೇ? ಹದಿನೇಳು ವರ್ಷ. 1906ರಲ್ಲಿ ಹುಟ್ಟಿದ ಬ್ಯಾಂಕು ತನ್ನ ಮೊದಲ ಶಾಖೆಯನ್ನು ತೆರೆದದ್ದು 1923ರಲ್ಲಿ, ಕುಂದಾಪುರದಲ್ಲಿ. ಉಡುಪಿಯಿಂದ ಕುಂದಾಪುರಕ್ಕೆ ಹೆಚ್ಚೆಂದರೆ ಮೂವತ್ತೆಂಟು ಕಿಲೋಮೀಟರ್. ರಾಮನಗರದಿಂದ ಮಾಗಡಿಗೆ ಹೋದಷ್ಟೇ ದೂರ ಎಂದಿಟ್ಟುಕೊಳ್ಳಿ. ಅಷ್ಟು ದೂರ ಹೋಗಲು ಹದಿನೇಳು ವರ್ಷ! ನನ್ನ ವಯಸ್ಸೇ ಅಷ್ಟು. ಮೊದಲ ಸಲ ಓದಿದಾಗ ಇವರಿಗೆ ಧೈರ್ಯ ಸಾಲದೆ ಹೋಯಿತೇನೋ ಎನಿಸಿತು. ಆಮೇಲೆ ಆ ಹದಿನೇಳು ವರ್ಷಗಳಲ್ಲಿ ದೇಶದಲ್ಲಿ ಏನೇನಾಯಿತು ಎಂದು ಹುಡುಕಿದೆ. ಆಗ ಅನಿಸಿಕೆ ಬದಲಾಯಿತು.

ಪ್ರಥಮ ಪಿಯುಸಿಯ ವ್ಯವಹಾರ ಅಧ್ಯಯನದಲ್ಲಿ ಸೇವೆಗಳ ಲಕ್ಷಣ ಎಂದು ಒಂದು ಪಾಠವಿದೆ. ಸೇವೆಯನ್ನು ಕಣ್ಣಿಂದ ನೋಡಲಾಗದು, ಕೈಯಿಂದ ಮುಟ್ಟಲಾಗದು, ಗೋದಾಮಿನಲ್ಲಿ ಕೂಡಿಡಲಾಗದು, ಕೊಡುವವನಿಂದ ಬೇರೆ ಮಾಡಲಾಗದು, ಪ್ರತಿ ಸಲವೂ ಒಂದೇ ತರಹ ಇರುವುದಿಲ್ಲ. ಆಗ ಬಾಯಿಪಾಠ ಮಾಡಿ ಬರೆದಿದ್ದೆವು. ಹಾಜಿ ಸಾಹೇಬರ ಕಥೆ ಓದುವಾಗ ಆ ಪಾಠಕ್ಕೆ ಅರ್ಥ ಬಂತು. ಚನ್ನಪಟ್ಟಣದ ಗೊಂಬೆಯನ್ನು ಪೆಟ್ಟಿಗೆಗೆ ತುಂಬಿ ದೆಹಲಿಗೆ ಕಳಿಸಬಹುದು. ಗೊಂಬೆ ಅಲ್ಲಿಯೂ ಗೊಂಬೆಯೇ. ನಂಬಿಕೆಯನ್ನು ಪೆಟ್ಟಿಗೆಗೆ ತುಂಬಿ ಕುಂದಾಪುರಕ್ಕೆ ಕಳಿಸುವುದು ಹೇಗೆ?

ನಮ್ಮ ಮನೆಯದೇ ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಮಾಮುಗೆ ರಾಮನಗರದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ. ರೇಷ್ಮೆ ರೀಲರ್‌ಗಳ ಮೋಟಾರ್ ಸುಟ್ಟುಹೋದರೆ ರಾತ್ರಿ ಹತ್ತು ಗಂಟೆಗೂ ಅವರಿಗೆ ಫೋನ್ ಬರುತ್ತದೆ. ಕೊಂಡು ತಂದ ಗೂಡು ಕಾಯುವುದಿಲ್ಲ, ಚಿಟ್ಟೆ ಹೊರಬಂದರೆ ನೂಲು ಹಾಳು. ಎರಡು ವರ್ಷದಿಂದ ಕನಕಪುರದಲ್ಲಿ ಇನ್ನೊಂದು ಅಂಗಡಿ ಹಾಕುವ ಮಾತು ಮನೆಯಲ್ಲಿ ನಡೆಯುತ್ತಲೇ ಇದೆ. ಅಲ್ಲಿ ತೋಟದ ಪಂಪ್‌ಸೆಟ್ಟುಗಳು ಬೇಕಾದಷ್ಟಿವೆ. ಬಾಡಿಗೆಗೆ ಜಾಗವೂ ಸಿಕ್ಕಿತ್ತು. ಪ್ರತಿ ಸಲ ಮಾತು ಬಂದು ನಿಲ್ಲುವುದು ಒಂದೇ ಕಡೆ: ಅಲ್ಲಿ ಕೂರುವವರು ಯಾರು? ಕೆಲಸ ಕಲಿತ ಹುಡುಗನನ್ನು ಅಲ್ಲಿಗೆ ಕಳಿಸಿದರೆ ಇಲ್ಲಿ ಕೈ ಮುರಿದಂತೆ. ಹೊಸಬನನ್ನು ಕೂರಿಸಿದರೆ, ಅವನು ಕಟ್ಟಿದ ಮೋಟಾರ್ ವಾರಕ್ಕೆ ಸುಟ್ಟರೆ, ಹೆಸರು ಹೋಗುವುದು ಮಾಮುದು. ಆ ಸುದ್ದಿ ರಾಮನಗರಕ್ಕೆ ಬರಲು ಕೆಎಸ್‌ಆರ್‌ಟಿಸಿ ಬಸ್ಸಿನ ಅಗತ್ಯವೂ ಇಲ್ಲ, ವಾಟ್ಸಾಪ್ ಸಾಕು. ಮಾಮು ಇನ್ನೂ ತೀರ್ಮಾನ ಮಾಡಿಲ್ಲ.

ಮೋಟಾರ್ ಅಂಗಡಿಯಲ್ಲಿ ಹೋಗುವುದು ಹೆಸರು. ಬ್ಯಾಂಕಿನಲ್ಲಾದರೆ ಹೋಗುವುದು ಜನರ ದುಡ್ಡು. ಹಾಜಿ ಸಾಹೇಬರ ಕಾಲದಲ್ಲಿ ಠೇವಣಿಗೆ ವಿಮೆ ಎಂಬುದಿರಲಿಲ್ಲ, ರಿಸರ್ವ್ ಬ್ಯಾಂಕ್ ಇನ್ನೂ ಹುಟ್ಟಿರಲಿಲ್ಲ. ಅದು ಬಂದದ್ದು 1935ರಲ್ಲಿ. ಬ್ಯಾಂಕ್ ಮುಳುಗಿದರೆ ಇಟ್ಟವನ ದುಡ್ಡಿಗೆ ಯಾರೂ ಜವಾಬ್ದಾರರಲ್ಲ.

ಉಡುಪಿಯ ಬ್ಯಾಂಕು ಶುರುವಾಗಿ ಏಳು ತಿಂಗಳಾಗಿತ್ತಷ್ಟೇ. 1906ರ ಅಕ್ಟೋಬರ್‌ನಲ್ಲಿ ಮದ್ರಾಸಿನ ಅರ್ಬತ್‌ನಾಟ್ ಕಂಪನಿ ದಿವಾಳಿಯಾಯಿತು. ಇಂಗ್ಲಿಷರ ದೊಡ್ಡ ಹೆಸರಿನ ವ್ಯಾಪಾರಿ ಸಂಸ್ಥೆ, ಠೇವಣಿಯನ್ನೂ ತೆಗೆದುಕೊಳ್ಳುತ್ತಿತ್ತು. ಪಿಂಚಣಿದಾರರು, ವಕೀಲರು, ಸರ್ಕಾರಿ ನೌಕರರು ಸಾವಿರಾರು ಮಂದಿ ದುಡ್ಡು ಕಳೆದುಕೊಂಡರು. ಅದರ ಮುಖ್ಯಸ್ಥರಿಗೆ ಜೈಲಾಯಿತು. ಆ ಪೆಟ್ಟಿನ ಮೇಲೆಯೇ ಮದ್ರಾಸಿನಲ್ಲಿ ಇಂಡಿಯನ್ ಬ್ಯಾಂಕ್ ಹುಟ್ಟಿತು. ಉಡುಪಿ ಅದೇ ಮದ್ರಾಸ್ ಪ್ರಾಂತ್ಯದ ಊರು. ಅಷ್ಟು ದೊಡ್ಡ ಇಂಗ್ಲಿಷ್ ಕಂಪನಿಯೇ ಮುಳುಗಿದ ಮೇಲೆ, ಮನೆಯೊಂದರಲ್ಲಿ ನಡೆಯುವ ನಿಧಿಯ ಗತಿಯೇನು ಎಂದು ಜನ ಕೇಳುವುದು ಸಹಜ.

ಅದು ದಾಟಿತು ಎನ್ನುವಾಗ 1913 ಬಂತು. ಪಂಜಾಬಿನಲ್ಲಿ ಹಲವು ಊರುಗಳಿಗೆ ಶಾಖೆ ಚಾಚಿದ್ದ ಲಾಹೋರಿನ ಪೀಪಲ್ಸ್ ಬ್ಯಾಂಕ್ ಬಾಗಿಲು ಹಾಕಿತು. ಬೊಂಬಾಯಿಯ ಇಂಡಿಯನ್ ಸ್ಪೀಸಿ ಬ್ಯಾಂಕ್ ಬಿತ್ತು. ಮುಂದಿನ ಮೂರ್ನಾಲ್ಕು ವರ್ಷಗಳಲ್ಲಿ ಸ್ವದೇಶಿ ಉತ್ಸಾಹದಲ್ಲಿ ಹುಟ್ಟಿದ ಹತ್ತಾರು ಬ್ಯಾಂಕುಗಳು ಮುಳುಗಿದವು. ಅವುಗಳಲ್ಲಿ ಬಹಳಷ್ಟರ ಕಾಯಿಲೆ ಒಂದೇ: ಕೈಯಲ್ಲಿ ನಗದು ಕಡಿಮೆ, ಕೊಟ್ಟ ಸಾಲ ಹೆಚ್ಚು. ಇಟ್ಟವರೆಲ್ಲ ಒಂದೇ ದಿನ ಬಾಗಿಲಿಗೆ ಬಂದಾಗ ಕೊಡಲು ದುಡ್ಡಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಗಾದೆಯನ್ನು ನಾವು ಪ್ರಬಂಧದಲ್ಲಿ ಬರೆಯುತ್ತೇವೆ. ಆ ವರ್ಷಗಳಲ್ಲಿ ಅದನ್ನು ಮರೆತ ಬ್ಯಾಂಕುಗಳ ಹೆಸರು ಈಗ ಪುಸ್ತಕದಲ್ಲಿ ಮಾತ್ರ ಇದೆ. ಅದರ ಜೊತೆಗೇ ಮೊದಲ ಮಹಾಯುದ್ಧ, ಬೆಲೆ ಏರಿಕೆ, 1918ರ ಇನ್‌ಫ್ಲುಯೆಂಜಾ.

ಇಷ್ಟರ ನಡುವೆ ಉಡುಪಿಯ ಬ್ಯಾಂಕು ಒಂದೇ ಊರಿನಲ್ಲಿ ಕೂತು ಉಳಿಯಿತು. ಹಾಜಿ ಸಾಹೇಬರ ಮನಸ್ಸಿನಲ್ಲಿ ಏನಿತ್ತು ಎಂದು ನಾನು ಹೇಳಲಾರೆ. ಆದರೆ ಫಲವನ್ನು ನೋಡಿ ಹೇಳುವುದಾದರೆ, 1913ಕ್ಕೆ ಮೊದಲು ನಾಲ್ಕು ಕಡೆ ಶಾಖೆ ತೆರೆದು ಕೂತಿದ್ದರೆ ಈ ಲೇಖನ ಬರೆಯುವ ಅವಕಾಶ ನನಗೆ ಸಿಗುತ್ತಿರಲಿಲ್ಲವೇನೋ. ಒಂದು ಶಾಖೆಯ ಬಾಗಿಲಿಗೆ ಬಂದ ಗಾಬರಿ ಇನ್ನೊಂದು ಶಾಖೆಗೆ ಮರುದಿನವೇ ಹಬ್ಬುತ್ತದೆ. ಹೊಸ ಊರಿನಲ್ಲಿ ಸೋತರೆ ಹಳೇ ಊರಿನ ಕಟ್ಟಡವೂ ಕುಸಿಯುತ್ತದೆ. ಇದು ಬೇರೆ ಅಂಗಡಿಗಳಿಗೆ ಇಲ್ಲದ ಅಪಾಯ.

ಹೋಲಿಕೆಗೆ ಇನ್ನೆರಡು ಬ್ಯಾಂಕುಗಳನ್ನು ನೋಡಬಹುದು. ನಮ್ಮ ಮೈಸೂರು ಸಂಸ್ಥಾನದಲ್ಲಿ 1913ರಲ್ಲಿ ಬ್ಯಾಂಕ್ ಆಫ್ ಮೈಸೂರು ಶುರುವಾಯಿತು. ಅದರ ಹಿಂದೆ ನಾಲ್ವಡಿ ಕೃಷ್ಣರಾಜ ಒಡೆಯರು ಇದ್ದರು, ದಿವಾನ್ ವಿಶ್ವೇಶ್ವರಯ್ಯನವರು ಇದ್ದರು. ಇನ್ನೊಂದು, 1921ರಲ್ಲಿ ಮೂರು ಪ್ರೆಸಿಡೆನ್ಸಿ ಬ್ಯಾಂಕುಗಳು ಸೇರಿ ಆದ ಇಂಪೀರಿಯಲ್ ಬ್ಯಾಂಕ್, ಈಗಿನ ಸ್ಟೇಟ್ ಬ್ಯಾಂಕ್. ಅದು ಐದು ವರ್ಷದಲ್ಲಿ ನೂರು ಹೊಸ ಶಾಖೆ ತೆರೆಯಬೇಕೆಂದು ಕಾನೂನಿನಲ್ಲೇ ಬರೆದಿತ್ತು, ತೆರೆಯಿತು ಕೂಡ. ಸರ್ಕಾರದ ಹಣವೇ ಅದರ ಪೆಟ್ಟಿಗೆಯಲ್ಲಿತ್ತು, ಹೆದರಿಕೆ ಯಾತಕ್ಕೆ? ಉಡುಪಿಯವರ ಹಿಂದೆ ರಾಜರಿಲ್ಲ, ಸರ್ಕಾರವಿಲ್ಲ. ಊರಿನ ಕೆಲವು ಮನುಷ್ಯರ ಹೆಸರು ಮಾತ್ರ.

ಆದ್ದರಿಂದ 1923ರ ಕುಂದಾಪುರ ಶಾಖೆ ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಕುಂದಾಪುರ ಅದೇ ಜಿಲ್ಲೆಯ ತಾಲ್ಲೂಕು ಕೇಂದ್ರ, ಹೊಳೆಗಳು ಕೂಡಿ ಸಮುದ್ರ ಸೇರುವ ಜಾಗ, ಎದುರಿಗೆ ಗಂಗೊಳ್ಳಿಯ ಬಂದರು. ಅಕ್ಕಿ, ತೆಂಗು, ಮೀನಿನ ವ್ಯಾಪಾರದ ಊರು. ಉಡುಪಿಯ ವ್ಯಾಪಾರಿಗೆ ಅಲ್ಲಿ ನೆಂಟರು, ಗಿರಾಕಿಗಳು, ಬಾಕಿದಾರರು ಎಲ್ಲ ಇದ್ದೇ ಇರುತ್ತಾರೆ. ಭಾಷೆ ಮಾತ್ರ ಸ್ವಲ್ಪ ಬೇರೆ. ಉಡುಪಿಯಲ್ಲಿ ತುಳು ಹೆಚ್ಚು, ಕಲ್ಯಾಣಪುರದ ಹೊಳೆ ದಾಟಿ, ಬ್ರಹ್ಮಾವರ ಕಳೆದು, ಸೀತಾ ನದಿ ದಾಟಿ ಕುಂದಾಪುರ ಸೇರುವಷ್ಟರಲ್ಲಿ ಕುಂದಗನ್ನಡ ಕಿವಿಗೆ ಬೀಳುತ್ತದೆ. ದೂರದ ಬೊಂಬಾಯಿಗೋ ಮದ್ರಾಸಿಗೋ ಹಾರದೆ, ಹೆಸರು ಆಗಲೇ ಗೊತ್ತಿರುವ ಪಕ್ಕದ ತಾಲ್ಲೂಕಿಗೆ ಹೋದರು.

ದ್ವಿತೀಯ ಪಿಯುಸಿಯಲ್ಲಿ ನಾವು ಅಧಿಕಾರ ನಿಯೋಜನೆ ಓದುತ್ತೇವೆ. ಕೆಲಸ ಒಪ್ಪಿಸಬಹುದು, ಅಧಿಕಾರ ಕೊಡಬಹುದು, ಉತ್ತರದಾಯಿತ್ವವನ್ನು ಮಾತ್ರ ಒಪ್ಪಿಸಲಾಗದು ಎಂಬ ಸಾಲು ಎಲ್ಲರಿಗೂ ಗೊತ್ತು. ಫೋನಿಲ್ಲದ ಕಾಲದ ಬ್ಯಾಂಕ್ ಶಾಖೆಯಲ್ಲಿ ಅದು ಹೇಗಿರುತ್ತದೆ ಎಂದು ಯೋಚಿಸಿ. ಎದುರಿಗೆ ಒಬ್ಬ ಚಿನ್ನ ಹಿಡಿದು ನಿಂತಿದ್ದಾನೆ, ಅದರ ಮೇಲೆ ಎಷ್ಟು ಸಾಲ ಕೊಡಬೇಕು? ಇನ್ನೊಬ್ಬ ಏನೂ ಇಲ್ಲದೆ ಹೆಸರಿನ ಮೇಲೆ ಕೇಳುತ್ತಿದ್ದಾನೆ, ಅವನು ಎಂಥವನು? ಪೆಟ್ಟಿಗೆಯಲ್ಲಿ ಎಷ್ಟು ನಗದು ಇಟ್ಟುಕೊಳ್ಳಬೇಕು? ಕಡಿಮೆ ಇದ್ದರೆ ಇಟ್ಟವರು ಕೇಳಿದಾಗ ತೊಂದರೆ, ಹೆಚ್ಚಾದರೆ ಆ ಹಣ ಸುಮ್ಮನೆ ಕೂರುತ್ತದೆ. ಉಡುಪಿಗೆ ಕಾಗದ ಬರೆದು ಉತ್ತರ ಬರುವವರೆಗೆ ಗಿರಾಕಿ ನಿಲ್ಲುವುದಿಲ್ಲ. ಕುಂದಾಪುರದ ಕುರ್ಚಿಯಲ್ಲಿ ಕೂತವನು ಉಡುಪಿಯವರು ಯೋಚಿಸುವಂತೆಯೇ ಯೋಚಿಸಬೇಕು. ಅಂಥವನನ್ನು ತಯಾರು ಮಾಡಲು ವರ್ಷಗಳೇ ಬೇಕು. ಮಾಮು ಹುಡುಕುತ್ತಿರುವುದೂ ಅಂಥವನನ್ನೇ.

ಒಂದು ಸಲ ಹೊರಗೆ ಕಾಲಿಟ್ಟ ಮೇಲೆ ನಡಿಗೆ ಚುರುಕಾಯಿತು. ಮೂರೇ ವರ್ಷಕ್ಕೆ, 1926ರಲ್ಲಿ, ಮಂಗಳೂರಿನಲ್ಲಿ ಎರಡನೆಯ ಶಾಖೆ. ಆಗ ಮಂಗಳೂರು ಬ್ಯಾಂಕುಗಳಿಲ್ಲದ ಊರಾಗಿರಲಿಲ್ಲ. ಕೆನರಾ ಬ್ಯಾಂಕಿನ ಮನೆಯೇ ಅದು. 1924ರಲ್ಲಿ ಕರ್ನಾಟಕ ಬ್ಯಾಂಕ್ ಅಲ್ಲೇ ಹುಟ್ಟಿತ್ತು. ಇಂಪೀರಿಯಲ್ ಬ್ಯಾಂಕ್ ಹಳಬ. ಅಷ್ಟು ಪೈಪೋಟಿ ಇರುವ ಕಡೆ ಸಣ್ಣ ಬ್ಯಾಂಕ್ ಯಾಕೆ ಹೋಗಬೇಕು? ನನಗೆ ತೋಚುವ ಕಾರಣ ಇದು. ಮೋಟಾರ್ ಅಂಗಡಿಗೆ ಎರಡು ಕಡೆ ಬಾಗಿಲಿದ್ದರೆ ಅದು ಎರಡು ಅಂಗಡಿ ಅಷ್ಟೇ. ಬ್ಯಾಂಕಿಗೆ ಎರಡು ಕಡೆ ಬಾಗಿಲಿದ್ದರೆ ಒಂದು ಹೊಸ ಸೇವೆ ಹುಟ್ಟುತ್ತದೆ. ಉಡುಪಿಯಲ್ಲಿ ಕಟ್ಟಿದ ಹಣವನ್ನು ಮಂಗಳೂರಿನಲ್ಲಿ ಪಡೆಯಬಹುದು. ರೂಪಾಯಿ ನಾಣ್ಯದ ಚೀಲ ಹೊತ್ತು ನಾಲ್ಕು ಹೊಳೆ ದಾಟುವ ಭಯ ತಪ್ಪುತ್ತದೆ. ಮಂಗಳೂರಿಗೆ 1907ರಲ್ಲೇ ರೈಲು ಬಂದಿತ್ತು, ಬಂದರೂ ಇತ್ತು, ಜಿಲ್ಲೆಯ ಸರಕೆಲ್ಲ ಅಲ್ಲಿಂದಲೇ ಹೊರಗೆ ಹೋಗಬೇಕು. ಸರಕು ಹೋಗುವ ಕಡೆಗೆ ಹಣದ ದಾರಿಯೂ ಹೋಗಬೇಕಲ್ಲ. ಹಳೇ ಊರಿನ ಗಿರಾಕಿಗೆ ಹೊಸ ಊರಿನ ಶಾಖೆ ಬೇಕಾಗಿತ್ತು. ಹೊಸ ಗಿರಾಕಿ ಸಿಗುವುದು ಆಮೇಲಿನ ಮಾತು.

ಉಡುಪಿಯಲ್ಲೂ ಆಗ ಅವರೊಬ್ಬರೇ ಇರಲಿಲ್ಲ. 1925ರಲ್ಲಿ ಡಾ. ಟಿ.ಎಂ.ಎ. ಪೈ, ಅವರ ಅಣ್ಣ ಉಪೇಂದ್ರ ಪೈ ಮತ್ತು ವಾಮನ ಕುಡ್ವರು ಸೇರಿ ಕಟ್ಟಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಅವರು 1928ರಲ್ಲಿ ಪಿಗ್ಮಿ ಠೇವಣಿ ತಂದರು. ಏಜೆಂಟ್ ಮನೆಮನೆಗೆ ನಡೆದು ಬಂದು ದಿನಕ್ಕೆ ಎರಡಾಣೆ ಸಂಗ್ರಹಿಸುವ ಯೋಜನೆ. ಒಂದೇ ಊರು, ಹರಡುವ ರೀತಿಗಳು ಎಷ್ಟೊಂದು ನೋಡಿ. ಪಿಗ್ಮಿ ಏಜೆಂಟರನ್ನು ನಮ್ಮ ಪೇಟೆಯ ಅಂಗಡಿಗಳಲ್ಲಿ ಈಗಲೂ ಕಾಣಬಹುದು, ಕೈಯಲ್ಲಿ ಸಣ್ಣ ಯಂತ್ರ ಬಂದಿದೆ ಅಷ್ಟೇ.

ಹಾಜಿ ಸಾಹೇಬರ ಬ್ಯಾಂಕಿನ ಏಳನೆಯ ಶಾಖೆ 1934ರಲ್ಲಿ ಮಡಿಕೇರಿಯಲ್ಲಿ ತೆರೆಯಿತು. ಮೊದಲೇ ಹೇಳಿದೆನಲ್ಲ, ಕೊಡಗು ಬೇರೆ ಪ್ರಾಂತ್ಯ. ಉಡುಪಿಯಿಂದ ಮಂಗಳೂರು, ಪುತ್ತೂರು, ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತಬೇಕು. ಮಳೆಗಾಲದಲ್ಲಿ ಆ ಘಾಟಿ ಈಗಲೂ ಕುಸಿಯುತ್ತದೆ, ಆಗ ಹೇಗಿದ್ದಿರಬೇಕು! ಕರಾವಳಿಯ ಮನುಷ್ಯನಿಗೆ ಅಲ್ಲಿ ಚಳಿ ಬೇರೆ, ಬೆಳೆ ಬೇರೆ, ಲೇವಾದೇವಿಯ ಕಾಲವೇ ಬೇರೆ. ಕಾಫಿ ಬೆಳೆಗಾರನಿಗೆ ವರ್ಷವಿಡೀ ಖರ್ಚು, ಆದಾಯ ಒಂದೇ ಸಲ. ಅದರ ಮೇಲೆ 1930ರ ದಶಕದ ಆರ್ಥಿಕ ಕುಸಿತ, ಕಾಫಿ ಬೆಲೆ ನೆಲ ಕಚ್ಚಿತ್ತು. ಇಂಥ ಹೊತ್ತಿನಲ್ಲಿ ಅಲ್ಲಿಗೆ ಹೋಗುವುದು ಹುಚ್ಚು ಎಂದು ಯಾರಾದರೂ ಹೇಳಬಹುದಿತ್ತು. ಆದರೆ ಕೊಡಗಿನ ಕಾಫಿ ಘಾಟಿ ಇಳಿದು ಬರುತ್ತಿದ್ದದ್ದು ಎಲ್ಲಿಗೆ? ಮಂಗಳೂರಿಗೆ. ಅಲ್ಲಿ ಅದನ್ನು ಹದ ಮಾಡಿ ಹಡಗು ಹತ್ತಿಸುತ್ತಿದ್ದರು. ಅಂದರೆ ಆ ದಾರಿಯ ಕೆಳಗಿನ ತುದಿಯಲ್ಲಿ ಬ್ಯಾಂಕು ಎಂಟು ವರ್ಷದಿಂದ ಕೂತಿತ್ತು. ಮೇಲಿನ ತುದಿಗೆ ಹತ್ತಿದ್ದು ಈಗ. ಕುಂದಾಪುರಕ್ಕೆ ಪರಿಚಯದ ದಾರಿ ಹಿಡಿದರು, ಮಡಿಕೇರಿಗೆ ಕಾಫಿಯ ದಾರಿ ಹಿಡಿದರು ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ.

ಲೆಕ್ಕ ಹಾಕಿ ನೋಡಿ: ಮೊದಲ ಹದಿನೇಳು ವರ್ಷದಲ್ಲಿ ಶಾಖೆ ಸೊನ್ನೆ, ಮುಂದಿನ ಹನ್ನೊಂದು ವರ್ಷದಲ್ಲಿ ಏಳು. ಗ್ರಾಫ್ ಬರೆದರೆ ಬಹಳ ಹೊತ್ತು ನೆಲದ ಮೇಲೇ ಮಲಗಿ ಆಮೇಲೆ ಏಳುವ ಗೆರೆ.

ಬ್ಯಾಂಕಿನ ಆಚೆಗೂ ಅವರು ಊರಿಗೆ ಬೇಕಾದವರಾಗಿದ್ದರು. ಬ್ರಿಟಿಷ್ ಸರ್ಕಾರ ಖಾನ್ ಬಹಾದೂರ್ ಬಿರುದು ಕೊಟ್ಟಿತ್ತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಉಡುಪಿಯ ಹೆಂಗಸರು ಮತ್ತು ಮಕ್ಕಳ ಆಸ್ಪತ್ರೆ. ಅದಕ್ಕೆ ಜಾಗ ದಾನ ಕೊಟ್ಟವರು ಇವರೇ. ಊರಿನ ನಡುವೆ ಎಕರೆಗಟ್ಟಲೆ ಜಾಗ. ಎಷ್ಟೋ ತಾಯಂದಿರು ಅಲ್ಲಿ ಹೆತ್ತಿದ್ದಾರೆ, ಆಸ್ಪತ್ರೆಗೆ ಹಾಜಿ ಅಬ್ದುಲ್ಲಾ ಎಂಬ ಹೆಸರು ಸೇರಿಕೊಂಡಿದೆ. ಬ್ಯಾಂಕಿನ ಬಾಗಿಲಿಗೆ ಯಾವ ಜಾತಿಯವರು ಬಂದರೂ ಸರಿ ಎಂದು 1906ರಲ್ಲಿ ಹೇಳಿದವರು ಆಸ್ಪತ್ರೆಯ ವಿಷಯದಲ್ಲಿ ಬೇರೆ ಹೇಳುವ ಹಾಗಿರಲಿಲ್ಲ.

ಹಾಜಿ ಅಬ್ದುಲ್ಲಾ ಸಾಹೇಬರು ತೀರಿಕೊಂಡದ್ದು 1935ರಲ್ಲಿ, ಮಡಿಕೇರಿ ಶಾಖೆ ತೆರೆದ ಮರುವರ್ಷ. ವಯಸ್ಸು ಐವತ್ತಮೂರರ ಹತ್ತಿರ.

ಅವರು ಹೋದ ಎರಡು ವರ್ಷಕ್ಕೆ, 1937ರಲ್ಲಿ, ಬ್ಯಾಂಕು ರಿಸರ್ವ್ ಬ್ಯಾಂಕಿನ ಅನುಸೂಚಿತ ಬ್ಯಾಂಕುಗಳ ಪಟ್ಟಿಗೆ ಸೇರಿತು. 1939ರಲ್ಲಿ ಹೆಸರು ಸ್ವಲ್ಪ ಬದಲಾಯಿತು. ಏನು ಬದಲಾಯಿತು ಗೊತ್ತೇ? ಕಂಸದೊಳಗಿದ್ದ ಉಡುಪಿ ಎಂಬ ಶಬ್ದವನ್ನು ತೆಗೆದರು, ಅಷ್ಟೇ. ಹುಟ್ಟಿದ ಊರಿನ ಮೇಲೆ ಪ್ರೀತಿ ಕಡಿಮೆಯಾಯಿತೆಂದಲ್ಲ, ಬ್ಯಾಂಕು ಆ ಕಂಸದೊಳಗೆ ಹಿಡಿಸದಷ್ಟು ಬೆಳೆದಿತ್ತು. 1961ರಲ್ಲಿ ಬೆಳಗಾವಿಯ ಬ್ಯಾಂಕ್ ಆಫ್ ಸಿಟಿಜನ್ಸ್ ಇದರೊಳಗೆ ಸೇರಿತು. 1972ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಲಿಮಿಟೆಡ್ ಎಂಬ ಹೆಸರು ಬಂತು, 1980ರ ಏಪ್ರಿಲ್ 15ರಂದು ರಾಷ್ಟ್ರೀಕರಣವಾಯಿತು. ಪ್ರಧಾನ ಕಚೇರಿ ಮಂಗಳೂರಿನಲ್ಲಿತ್ತು. 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದ ಮೇಲೆ ಹಳೇ ಬೋರ್ಡುಗಳು ಇಳಿದವು. ನಿಮ್ಮ ಮನೆಯಲ್ಲಿ ಯಾರ ಬಳಿಯಾದರೂ ಕಾರ್ಪೊರೇಷನ್ ಬ್ಯಾಂಕಿನ ಹಳೇ ಪಾಸ್‌ಬುಕ್ ಇದ್ದರೆ ಎಸೆಯಬೇಡಿ, ವಾಣಿಜ್ಯ ವಿಭಾಗದ ಗೋಡೆಪತ್ರಿಕೆಗೆ ಕೊಡಿ.

ಮೊದಲ ದಿನ 38 ರೂಪಾಯಿ 13 ಆಣೆ 2 ಪೈ ಎಣಿಸಿದ ಹಾಜಿ ಸಾಹೇಬರ ಮನೆ ಉಡುಪಿಯಲ್ಲಿ ಇದೆ. ಬ್ಯಾಂಕಿನವರು ಆ ಮನೆಯನ್ನು ಕಾಪಾಡಿ ಒಳಗೆ ಹಳೇ ನಾಣ್ಯಗಳ ಸಂಗ್ರಹಾಲಯ ಮಾಡಿದರು. ಈ ವರ್ಷ ಶೈಕ್ಷಣಿಕ ಪ್ರವಾಸಕ್ಕೆ ಕರಾವಳಿಯ ಹೆಸರೂ ಕೇಳಿಬರುತ್ತಿದೆ. ಹಾಗೇನಾದರೂ ಆದರೆ ಮಲ್ಪೆಗೆ ಹೋಗುವ ಮೊದಲು ಬಸ್ಸನ್ನು ಆ ಮನೆಯ ಮುಂದೆ ಅರ್ಧ ಗಂಟೆ ನಿಲ್ಲಿಸಬೇಕೆಂದು ಪ್ರಾಂಶುಪಾಲರಲ್ಲಿ ಈಗಲೇ ಕೇಳಿಕೊಳ್ಳುತ್ತೇನೆ. ವಿಜ್ಞಾನ ವಿಭಾಗದವರು ಬೇಕಾದರೆ ಬಸ್ಸಿನಲ್ಲೇ ಕೂರಲಿ.